ಲಕ್ಷದ್ವೀಪಕ್ಕೆ ಹಡಗಿನಲ್ಲಿ ಹೊರಡುವ ಮುನ್ನ

ಮಕ್ಕಳಿಗೆ ಕಡಲಯಾನದ ರುಚಿ ತೋರಿಸಲು ಪರದೇಶಕ್ಕೇ ಹೋಗಬೇಕೆಂದಿಲ್ಲ. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಪ್ರಯಾಣಿಕರ ಹಡಗುಗಳಿವೆ. ದ್ವೀಪಕ್ಕೆ ತಕ್ಕಂತೆ 14ರಿಂದ 18 ಗಂಟೆಗಳ ಪಯಣ. ಅಲ್ಲಿನ ಅಮಿನಿ, ಕಡಮತ್ ಮೊದಲಾದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು!

ಆದರೆ ಬಸ್ಸು ಹತ್ತಿದಂತೆ ಈ ಹಡಗು ಹತ್ತುವಂತಿಲ್ಲ. ಪ್ರವಾಸಿಗರಿಗೆ ಪ್ರವೇಶ ಪರವಾನಗಿ ಬೇಕೇಬೇಕು. ಅದು ಕೈಸೇರಿದ ಮೇಲೆಯೇ ರೈಲಿನ ಟಿಕೆಟ್ಟಿನ ಮಾತು. ಮುಂಗಾರಿನಲ್ಲಿ ಕಡಲು ಒರಟು. ಅಕ್ಟೋಬರಿನಿಂದ ಮೇ ಮಧ್ಯದವರೆಗೆ ಹೋಗುವುದು ಒಳ್ಳೆಯದು. ಹವೆ ಕೆಟ್ಟರೆ ಹಡಗು ತಡವಾಗುವುದುಂಟು. ದ್ವೀಪದಲ್ಲಿ ಸಿಕ್ಕಿಕೊಂಡವರಿಗಾಗಿ ಪರೀಕ್ಷೆ ಕಾಯುವುದಿಲ್ಲ. ಮರಳುವ ದಿನಕ್ಕೂ ಮಕ್ಕಳ ಸಿಇಟಿ ಅಥವಾ ಕಾಲೇಜು ಪ್ರವೇಶದ ದಿನಕ್ಕೂ ನಡುವೆ ಮೂರು ನಾಲ್ಕು ದಿನವಾದರೂ ಬಿಡುವಿರಲಿ.

ಹಲವು ದ್ವೀಪಗಳಲ್ಲಿ ಹಡಗು ದಡಕ್ಕೆ ಬಾರದು. ಹವಳದ ದಿಬ್ಬದಾಚೆ ನಿಲ್ಲುತ್ತದೆ; ಅಲ್ಲಿಂದ ತೂಗಾಡುವ ದೋಣಿಗೆ ಇಳಿಯಬೇಕು. ಮಂಡಿನೋವಿನ ಅಜ್ಜ ಅಜ್ಜಿಯರನ್ನು ಹೊರಡಿಸುವ ಮುನ್ನ ಇದನ್ನು ಯೋಚಿಸಬೇಕು. ಸಾಮಾನು ಬೆನ್ನಿನ ಚೀಲದಲ್ಲಿದ್ದರೆ ಎರಡೂ ಕೈ ಹಿಡಿಕೆಗೆ ಸಿಗುತ್ತವೆ.

ತಲೆಸುತ್ತು, ವಾಂತಿಯ ಭಯವಿರುವವರು ವೈದ್ಯರನ್ನು ಕೇಳಿ ಹಡಗು ಹೊರಡುವ ಮೊದಲೇ ಮಾತ್ರೆ ತೆಗೆದುಕೊಳ್ಳಬೇಕು. ಹೊಟ್ಟೆ ಬಿರಿಯ ಉಣ್ಣಬಾರದು. ಓಲಾಟದಲ್ಲಿ ಪುಸ್ತಕ ಓದುವುದಕ್ಕಿಂತ ಡೆಕ್ಕಿನ ಮೇಲೆ ನಿಂತು ದಿಗಂತ ನೋಡುವುದು ಹಿತ.

ದಡದಲ್ಲಿ ಬಿದ್ದ ಹವಳದ ಚೂರು ಎಷ್ಟೇ ಚೆಂದವಿರಲಿ, ಅಲ್ಲೇ ಬಿಡಬೇಕು. ತಂದರೆ ಕಾನೂನಿನ ಕಣ್ಣಲ್ಲಿ ಅಪರಾಧ. ಆ ತಿಳಿನೀಲಿ ನೀರನ್ನು ಕಣ್ತುಂಬ ತುಂಬಿಕೊಂಡು ಬಂದರೆ ಸಾಕು.