ಗಾಡಿ ಕಂಡಿಷನ್ನಿನಲ್ಲಿದೆ

ಹಳೆಯ ಕಾರು ಸಾಕುವವರ ವಲಯದಲ್ಲಿ ಕೊಳ್ಳುವ ಸಂಭ್ರಮದ ಬಗ್ಗೆ, ತೊಳೆದು ಒರೆಸುವ ಸುಖದ ಬಗ್ಗೆ ಬೇಕಾದಷ್ಟು ಮಾತು ಕೇಳಿಬರುತ್ತದೆಯಾದರೂ ಮಾರುವ ವಿಷಯ ಬಂದಾಗ ಎಲ್ಲರೂ ಮಾತು ತೇಲಿಸಿಬಿಡುತ್ತಾರೆ. ಹಾಗೆ ನೋಡಿದರೆ ಹವ್ಯಾಸಿಯ ತಿಳಿವಳಿಕೆಯೆಲ್ಲ ಒರೆಗೆ ಹತ್ತುವುದು ಮಾರಾಟದ ದಿನವೇ. ಕೆಟ್ಟು ನಿಂತ ಗಾಡಿ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತದೆ, ಈಚಿನ ಗಾಡಿಯ ಬೆಲೆಯನ್ನು ಮಾಡೆಲ್ಲು ಮತ್ತು ಓಡಿದ ಕಿಲೋಮೀಟರುಗಳು ಗೊತ್ತುಮಾಡುತ್ತವೆ. ಅರ್ಧ ಶತಮಾನ ದಾಟಿಯೂ ಒಂದೇ ಸೆಲ್ಫಿಗೆ ಶುರುವಾಗುವ ಕಾರಿಗೆ ಈ ಎರಡು ಲೆಕ್ಕಗಳೂ ಒಗ್ಗುವುದಿಲ್ಲವಾದ್ದರಿಂದ ಅದರ ಬೆಲೆಯನ್ನು ಮಾರುವವನೇ ಓಡಿಸಿ ತೋರಿಸಬೇಕಾಗುತ್ತದೆ.

ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಇಂಥ ಕಾರು ಉಳಿಯುವುದಕ್ಕೆ ಕಾರಣಗಳಿವೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಗಣಿಗೆ ಕೈಹಾಕಿ, 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಇಲ್ಲಿಗೆ ಬಂದ ಮೇಲೆ, ಚಾಂಪಿಯನ್ ರೀಫ್, ಮಾರಿಕುಪ್ಪಂಗಳ ಸುತ್ತ ಯಂತ್ರವನ್ನು ಬಿಚ್ಚಿ ಕೂಡಿಸಬಲ್ಲವರ ಪರಂಪರೆಯೊಂದು ಬೆಳೆಯಿತು. 1964ರಲ್ಲಿ ಸ್ಥಾಪನೆಯಾದ ಬೆಮೆಲ್ ಸಂಸ್ಥೆಯ ಇಲ್ಲಿನ ಕಾರ್ಖಾನೆ ಅದಕ್ಕೆ ಇನ್ನೊಂದು ತಲೆಮಾರಿನ ಫಿಟ್ಟರುಗಳನ್ನೂ, ಲೇತಿನಲ್ಲಿ ಲೋಹವನ್ನು ಕಡೆದು ಅಳತೆಗೆ ತರುವ ಟರ್ನರುಗಳನ್ನೂ ಸೇರಿಸಿತು. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಪದ್ಮಿನಿ ಕಾರಿನ ತಯಾರಿಕೆಯೂ ನಿಂತಿತು. ಗಣಿಯ ಕೆಲಸ ಹೋದರೂ ಕೈಕಸುಬು ಹೋಗಲಿಲ್ಲವಾದ್ದರಿಂದ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ ಶಿವಾಜಿನಗರದ ಗುಜರಿಯಲ್ಲೂ ಸಿಗದ ಬುಷ್ಷನ್ನು ಲೇತಿನಲ್ಲಿ ಮಾಡಿಸಿ ಹಾಕಿಕೊಳ್ಳುವುದು ಇಲ್ಲಿ ದೊಡ್ಡ ಸಂಗತಿಯಲ್ಲ.

ಪದ್ಮಿನಿಗೆ ಮೊದಲಿನ ರೂಪವಾದ, 1964ರಲ್ಲಿ ಬಂದ ಫಿಯಟ್ 1100 ಡಿಲೈಟ್ ಕಾರನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. 1089 ಸಿಸಿಯ ನಾಲ್ಕು ಸಿಲಿಂಡರಿನ ಎಂಜಿನ್ನು, ಸ್ಟೇರಿಂಗಿನ ಪಕ್ಕದಲ್ಲೇ ಗೇರು. ಇಷ್ಟನ್ನು ಯಾವ ಬ್ರೋಕರಾದರೂ ಒಪ್ಪಿಸಿಯಾನು. ಬಲ್ಲ ಮಾರಾಟಗಾರನು ಗಿರಾಕಿ ಬರುವ ಮೊದಲೇ ಎಂಜಿನ್ನನ್ನು ಬಿಸಿ ಮಾಡಿಡುವುದಿಲ್ಲ. ತಣ್ಣಗಿರುವ ಬಾನೆಟ್ಟನ್ನು ಗಿರಾಕಿಯ ಕೈಯಲ್ಲೇ ಮುಟ್ಟಿಸಿ, ಚೋಕ್ ಎಳೆದು (ಕಾರ್ಬುರೇಟರಿಗೆ ಹೋಗುವ ಗಾಳಿಯನ್ನು ತಗ್ಗಿಸಿ ಪೆಟ್ರೋಲಿನ ಪ್ರಮಾಣವನ್ನು ಹೆಚ್ಚಿಸುವ ಗುಂಡಿಯೇ ಚೋಕ್), ಸೆಲ್ಫ್ ಹೊಡೆದು, ಸದ್ದು ಹದಕ್ಕೆ ಬರುತ್ತಿದ್ದಂತೆ ಗುಂಡಿಯನ್ನು ಸ್ವಲ್ಪಸ್ವಲ್ಪವೇ ಒಳಕ್ಕೆ ತಳ್ಳುವ ಆ ಕೆಲವು ಕ್ಷಣಗಳಲ್ಲಿ ಬೆಲೆಯ ಅರ್ಧ ಮಾತುಕತೆ ಮುಗಿದಿರುತ್ತದೆ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದೂ, ಎಂಜಿನ್ನು ಬಿಸಿಯಾದ ಮೇಲೂ ಬಿಳಿ ಹಬೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ಟಿನ ಮೂಲಕ ನೀರು ಒಳಸೇರುತ್ತಿರಬಹುದೆಂದೂ ತಿಳಿಯಬೇಕು. ಬಾಡಿಯ ಮೇಲೆ ಅಯಸ್ಕಾಂತವನ್ನು ಆಡಿಸಿದಾಗ ಅದು ಎಲ್ಲಿ ಹಿಡಿಯದೆ ಜಾರುತ್ತದೆಯೋ ಅಲ್ಲಿ ಟಿಂಕರಿಂಗಿನವನು ತಗಡಿಗೆ ಬದಲಾಗಿ ಪುಟ್ಟಿ ಮೆತ್ತಿದ್ದಾನೆಂದು ಅರ್ಥ. ಅಯಸ್ಕಾಂತವನ್ನು ಗಿರಾಕಿ ತರುವ ಮೊದಲು ತಾನೇ ತೆಗೆದು ಕೊಡುವವನ ಮಾತಿಗೆ ಆಮೇಲೆ ಚೌಕಾಸಿ ಕಡಿಮೆ.

ನಿಜವಾದ ಪರೀಕ್ಷೆ ಬಂಗಾರಪೇಟೆಯವರೆಗಿನ ಓಟ. ಅಲ್ಲಿಗೆ ಹೋದ ಮೇಲೆ ಬಣ್ಣವಿಲ್ಲದ ತಿಳಿನೀರಿನ ಪಾನಿಪುರಿಗೆಂದು ಎಲ್ಲರೂ ಇಳಿಯುವುದು ಸಹಜವಷ್ಟೆ. ಈ ಬಿಡುವಿಗೆ ರುಚಿಯ ಜೊತೆಗೆ ಯಾಂತ್ರಿಕ ಪ್ರಯೋಜನವೂ ಇದೆಯೆನ್ನುವುದು ಕೆಲವರಿಗೆ ಮಾತ್ರ ಗೊತ್ತು. ಎಂಜಿನ್ನಿಗೇ ಅಂಟಿಕೊಂಡಿರುವ ಪೆಟ್ರೋಲ್ ಪಂಪು, ಗಾಡಿ ನಿಂತ ಹತ್ತು ನಿಮಿಷದಲ್ಲಿ ಆ ಬಿಸಿಯನ್ನೆಲ್ಲ ಹೀರಿಕೊಂಡು ಒಳಗಿನ ಪೆಟ್ರೋಲನ್ನು ಆವಿಯಾಗಿಸಬಹುದು; ಆವಿಯನ್ನು ಪಂಪು ಎಳೆಯಲಾರದ ಈ ಸ್ಥಿತಿಗೆ ವೇಪರ್ ಲಾಕ್ ಎನ್ನುತ್ತಾರೆ. ತಟ್ಟೆ ಖಾಲಿಯಾದ ಮೇಲೆ ತಕರಾರಿಲ್ಲದೆ ಶುರುವಾಗುವ ಫಿಯಟ್ಟನ್ನು ಕಂಡಿಷನ್ನಿನಲ್ಲಿದೆ ಎನ್ನಲು ಅಡ್ಡಿಯಿಲ್ಲ. ಈಗಿನ ಪೆಟ್ರೋಲಿನಲ್ಲಿ ಬೆರೆಸುವ ಎಥನಾಲು ಹಳೆಯ ರಬ್ಬರ್ ಪೈಪುಗಳನ್ನೂ ಪಂಪಿನ ಪೊರೆಯನ್ನೂ ಕೆಡಿಸುವುದರಿಂದ ಅವನ್ನು ಬದಲಿಸಿದ್ದರೆ ಅದನ್ನೂ ಹೇಳಿಯೇ ಮಾರುವುದು ಲೇಸು.

ಇನ್ನು ಕಾಗದಪತ್ರದ ಮಾತು. ಸಂಗ್ರಾಹಕರ ವಾಡಿಕೆಯಲ್ಲಿ ಸ್ಥೂಲವಾಗಿ 1919ರಿಂದ 1930ರವರೆಗಿನ ಕಾರುಗಳಷ್ಟೇ ವಿಂಟೇಜ್. ಆದರೆ ಕೇಂದ್ರ ಸರ್ಕಾರದ 2021ರ ನಿಯಮದಂತೆ, ಮೂಲರೂಪ ಕೆಡದೆ 50 ವರ್ಷ ದಾಟಿದ ಯಾವ ಸ್ವಂತ ಬಳಕೆಯ ಕಾರಾದರೂ ಆ ಹೆಸರಿಗೆ ಅರ್ಹವಾಗಿದ್ದು, 20,000 ರೂಪಾಯಿ ಶುಲ್ಕಕ್ಕೆ ‘ವಿಎ’ ಅಕ್ಷರಗಳುಳ್ಳ ನಂಬರು ಹತ್ತು ವರ್ಷದ ಮಟ್ಟಿಗೆ ದೊರೆಯುತ್ತದೆ. ಈ ನಂಬರು ಬಿದ್ದರೆ ಬೆಲೆ ಏರುತ್ತದೆಂದು ಆಸೆ ಹುಟ್ಟಿಸುವವರಿದ್ದಾರೆ. ಅದೇ ನಿಯಮದ ಪ್ರಕಾರ ಅಂಥ ಕಾರು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲು ಮತ್ತು ದುರಸ್ತಿಗಳಿಗಲ್ಲದೆ ರಸ್ತೆಗಿಳಿಯುವಂತಿಲ್ಲವೆಂಬುದನ್ನು ಅವರು ಹೇಳುವುದಿಲ್ಲ. ದಿನವೂ ಓಡಬಲ್ಲ ಕಾರಿಗೆ ಇದು ಬಿರುದು ಕೊಟ್ಟು ಮನೆಯಲ್ಲಿ ಕೂರಿಸಿದ ಹಾಗೆ. ಹಳೆಯ ನಂಬರನ್ನೇ ಉಳಿಸಿಕೊಂಡು, ಐದು ವರ್ಷಕ್ಕೊಮ್ಮೆ ಎಫ್.ಸಿ. ಮಾಡಿಸಿ, ಓಡಿಸುವ ಗಿರಾಕಿಗೆ ನಾಲ್ಕು ಕಾಸು ಕಡಿಮೆಗೆ ಕೊಡುವುದೇ ಸರಿಯಾದ ವ್ಯಾಪಾರ.

ಗಿರಾಕಿ ಈ ರಾಜ್ಯದವನಾದರೆ ಮಾರಿದ 14 ದಿನಗಳೊಳಗೆ, ಗಡಿಯಾಚೆಯ ಕುಪ್ಪಂ ಅಥವಾ ಕೃಷ್ಣಗಿರಿಯವನಾದರೆ ಎನ್.ಒ.ಸಿ. ಸಮೇತ 45 ದಿನಗಳೊಳಗೆ, ಮಾರಿದ ಸಂಗತಿಯನ್ನು ಆರ್.ಟಿ.ಒ. ಕಚೇರಿಗೆ ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 50ನೆಯ ಕಲಮು ಹೇಳುತ್ತದೆ. ದುಡ್ಡು ಎಣಿಸಿಕೊಂಡ ಖುಷಿಯಲ್ಲಿ ಇದನ್ನು ಮರೆಯುವವರೇ ಹೆಚ್ಚು. ಆರ್.ಸಿ. ಪುಸ್ತಕದಲ್ಲಿ ಹೆಸರು ಬದಲಾಗುವವರೆಗೆ ಆ ಗಾಡಿಯಿಂದಾದ ಅಪಘಾತದ ಪರಿಹಾರಕ್ಕೆ ನೋಂದಾಯಿತ ಮಾಲೀಕನೇ ಹೊಣೆಯೆಂದು ಸುಪ್ರೀಂ ಕೋರ್ಟು 2018ರಲ್ಲಿ ಸ್ಪಷ್ಟಪಡಿಸಿದೆಯಾದ್ದರಿಂದ, 29 ಮತ್ತು 30ನೆಯ ನಮೂನೆಗಳಿಗೆ ಬೇಕಾದ ಸಹಿಗಳು ಬೀಳದೆ ಕೀಲಿಕೈ ಕೊಡಬಾರದು.