ಹದಕ್ಕೆ ಊರಿನ ಲೆಕ್ಕ

ಕಾಸರಗೋಡಿನ ಕರಾವಳಿಯಿಂದ ಉದಕಮಂಡಲಕ್ಕೆ ನೆಲೆ ಬದಲಿಸಿದ ಒಂದು ಕುಟುಂಬಕ್ಕೆ ಮೊದಲು ಕೈಕೊಟ್ಟದ್ದು ಮೊಟ್ಟೆ. ಕುದಿನೀರಿಗಿಳಿಸಿ ಹತ್ತು ನಿಮಿಷ ಎಣಿಸಿದರೆ ಊರಿನಲ್ಲಿ ಹಳದಿ ಗಟ್ಟಿಯಾಗುತ್ತಿತ್ತು. ಬೆಟ್ಟದ ಮೇಲೆ ಮೆತ್ತಗೇ ಉಳಿಯಿತು. ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆಂದು ಕನ್ನಡ ಶಾಲೆಯಲ್ಲಿ ಕಲಿತಿದ್ದ ಮಗ, ಪುಸ್ತಕ ಸುಳ್ಳೇ ಎಂದು ಕೇಳಿದ. ಸುಳ್ಳಲ್ಲ, ಅದು ಕಡಲಮಟ್ಟದ ಮಾತು ಎಂದಳು ತಾಯಿ. ಸುಮಾರು 2,240 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಇಳಿದು, ನೀರು 93 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಉರಿ ಹೆಚ್ಚಿಸಿದರೆ ಆವಿ ಹೆಚ್ಚೀತು, ಶಾಖ ಏರದು. ಹೆಚ್ಚಿಸಬೇಕಾದದ್ದು ಸಮಯವನ್ನು.

ಬಿಳಿಭಾಗ 62 ಡಿಗ್ರಿಯ ಸುಮಾರಿಗೆ ಹೆಪ್ಪುಗಟ್ಟತೊಡಗುತ್ತದೆ. ಹಳದಿ 65ರಿಂದ 70ರೊಳಗೆ. ಎರಡು ನಿಮಿಷ ಹೆಚ್ಚು ಬೇಯಿಸಿ, ಕೂಡಲೇ ತಣ್ಣೀರಿಗಿಳಿಸಿದಾಗ ಹದ ಕೂಡಿಬಂತು. ಬೇಯಿಸುವುದು ಅತಿಯಾದರೆ ಹಳದಿಯ ಸುತ್ತ ಹಸಿರು ಛಾಯೆ ಮೂಡುತ್ತದೆ. ಅದು ಕಬ್ಬಿಣ, ಗಂಧಕಗಳ ಕೂಟ. ಪುಟ್ಟ ಮಕ್ಕಳಿಗಾದರೆ ಗಟ್ಟಿಯಾಗಿ ಬೆಂದದ್ದೇ ಕ್ಷೇಮ.

ಹೊಸ ಶಾಲೆಯಲ್ಲಿ ಆ ಹುಡುಗನಿಗೆ ಕನ್ನಡದ ತರಗತಿಯಿಲ್ಲ. ಒತ್ತಡ, ಶಾಖ, ಹೆಪ್ಪು, ಹದ ಎಂಬ ಮಾತುಗಳು ಅವನಲ್ಲಿ ಉಳಿಯುವುದಾದರೆ ಅಡುಗೆಮನೆಯಿಂದಲೇ ಉಳಿಯಬೇಕು. ಆದುದರಿಂದ ನಿಮಿಷಗಳನ್ನು ಎಣಿಸುವ ಕೆಲಸ ಈಗ ಅವನದು, ಎಣಿಕೆ ಕನ್ನಡದಲ್ಲಿ.