ಮೂತಿಯ ಮೇಲೊಂದು ಗಡಿಗೆ

ಚಳಿಗಾಲದಲ್ಲಿ ಊರಿಂದ ನೆಂಟರು ಬಂದರೆ ದೆಹಲಿಯ ಕನ್ನಡಿಗರು ಅವರನ್ನು ಆಗ್ರಾಕ್ಕೆ ಕರೆದೊಯ್ಯುವುದು ವಾಡಿಕೆ. ತಾಜಮಹಲ್ ಮುಗಿಸಿ ಅಲ್ಲಿಂದಲೇ ಹಿಂತಿರುಗಬೇಡಿ. ಗ್ವಾಲಿಯರ್ ರಸ್ತೆಯಲ್ಲಿ ಇನ್ನಷ್ಟು ಮುಂದೆ ಹೋಗಿ. ಧೋಲ್‌ಪುರ ದಾಟಿದರೆ ಚಂಬಲ್ ನದಿ. ಈ ದಡ ರಾಜಸ್ಥಾನ, ಆ ದಡ ಮಧ್ಯಪ್ರದೇಶ.

ನಾವು ಹೋದಾಗ ದೋಣಿಯವನು ಮರಳದಿಣ್ಣೆಯತ್ತ ಕೈತೋರಿಸಿ "ಘಡಿಯಾಲ್" ಎಂದ. ನಮ್ಮ ಕನ್ನಡ ಕಿವಿಗೆ ಕೇಳಿಸಿದ್ದು "ಗಡಿಯಾರ"! ಏಳೆಂಟು ಮೊಸಳೆಗಳು ಬಿಸಿಲಿಗೆ ಮೈಯೊಡ್ಡಿ ಮಲಗಿದ್ದವು. ರಂಗನತಿಟ್ಟಿನಲ್ಲಿ ಕಾಣುವ ಅಗಲ ಮೂತಿಯವಲ್ಲ. ಇಕ್ಕಳದಂಥ ತೆಳ್ಳನೆಯ ಉದ್ದ ಮೂತಿ, ಅದರ ತುಂಬ 100ಕ್ಕೂ ಹೆಚ್ಚು ಹಲ್ಲು. ಮೀನು ಹಿಡಿಯಲು ಹೇಳಿ ಮಾಡಿಸಿದಂತಿದೆ.

ಅವುಗಳಲ್ಲಿ ಒಂದರ ಮೂತಿಯ ತುದಿಯಲ್ಲಿ ಮಾತ್ರ ಪುಟ್ಟ ಗಡಿಗೆ ಬೋರಲು ಹಾಕಿದಂಥ ಗಂಟು. ಹಿಂದಿಯಲ್ಲಿ ಗಡಿಗೆಗೆ ‘ಘಡಾ’ ಎನ್ನುತ್ತಾರೆ. ಹೆಸರು ಬಂದದ್ದು ಅಲ್ಲಿಂದ. ಆ ಘಡಾ, ಸಂಗೀತ ಕಛೇರಿಯ ಘಟ, ನಮ್ಮ ಗಡಿಗೆ ಎಲ್ಲ ಒಂದೇ ಬಳಗ. ತೂತಿನ ಪಾತ್ರೆಯನ್ನು ನೀರಲ್ಲಿ ತೇಲಿಬಿಟ್ಟು, ಅದು ತುಂಬುವ 24 ನಿಮಿಷವನ್ನು ಹಿಂದಿನವರು ಘಟಿಕೆ ಎಂದರು. ಅದೇ ನಮ್ಮ ಗಳಿಗೆ. ಕಿವಿಗೆ ಗಡಿಯಾರ ಕೇಳಿಸಿದ್ದರಲ್ಲೂ ಅರ್ಥವಿದೆ.

ಯುರೋಪಿನವರ ಬರವಣಿಗೆಯಲ್ಲಿ ‘ಗರಿಯಾಲ್’ ಹೋಗಿ ‘ಗವಿಯಾಲ್’ ಆಯಿತು. ವೈಜ್ಞಾನಿಕ ಹೆಸರು ಇಂದಿಗೂ ಗವಿಯಾಲಿಸ್ ಗ್ಯಾಂಜೆಟಿಕಸ್. ಒಂದಕ್ಷರದಲ್ಲಿ ಗಡಿಗೆ ಒಡೆದುಹೋಯಿತು.

ನಿಜವಾದ ಗಡಿಗೆಯೂ ಅಪರೂಪವೇ. ಹೆಣ್ಣಿಗೆ ಅದಿಲ್ಲ, ಮರಿಗಳಿಗೂ ಇಲ್ಲ. ಗಂಡು ಹತ್ತಾರು ವರ್ಷ ಬದುಕಿ ಬಲಿತ ಮೇಲಷ್ಟೇ ಮೂಡುತ್ತದೆ. ಉಸಿರು ಅದರಲ್ಲಿ ಹಾದು ಗುಂಯ್‌ಗುಟ್ಟುತ್ತದೆ. ಅದು ಹೆಣ್ಣಿಗೆ ಕರೆ.

ಒಂದು ಕಾಲಕ್ಕೆ ಸಿಂಧೂವಿನಿಂದ ಇರಾವದಿಯವರೆಗೆ ಇದ್ದ ಪ್ರಾಣಿಯಿದು. ಈಗ ಉಳಿದವುಗಳಲ್ಲಿ ಬಹುಪಾಲು ಚಂಬಲ್‌ನಲ್ಲೇ ಇವೆ. 1975ರಲ್ಲಿ ಶುರುವಾದ ಮೊಸಳೆ ಸಂರಕ್ಷಣಾ ಯೋಜನೆಯಲ್ಲಿ ಮೊಟ್ಟೆ ತಂದು, ಮರಿ ಸಾಕಿ ನದಿಗೆ ಬಿಟ್ಟರು. ಆದರೂ 2007-08ರ ಚಳಿಗಾಲವೊಂದರಲ್ಲೇ ಇಲ್ಲಿ ನೂರಕ್ಕೂ ಹೆಚ್ಚು ಸತ್ತವು.

ಇವು ಮೊಟ್ಟೆಯಿಡುವುದು ದಡದ ಮರಳಿನಲ್ಲಿ. ನಮ್ಮ ಮನೆಗಳಿಗೆ ಬೇಕಾದದ್ದೂ ಮರಳೇ. ಮೊಟ್ಟೆಯೊಡೆದು ಮರಿಯಾಗಲು ಎರಡು-ಮೂರು ತಿಂಗಳು ಸಾಕು. ಗಡಿಗೆ ಮೂಡಲು ಹತ್ತಾರು ವರ್ಷ ಬೇಕು. ಅಷ್ಟು ಕಾಲ ನೀರು, ಮೀನು, ಮರಳು ಮೂರೂ ಉಳಿದರೆ ಮಾತ್ರ ಈ ಹೆಸರಿಗೆ ಅರ್ಥ ಉಳಿದೀತು.